ಕುದುರೆಯ ಹಿಂಗಾಲು: ಚಿತ್ರ ಬರೆಯೋದು ಬಿಟ್ಟ ಒಂದು ಮಗುವಿನ ಪ್ರಕರಣ

ಅವಳಿಗೆ ಆಗ 9 ವರ್ಷ. ಹೆಸರು ಬೇಡ, ಇಲ್ಲಿ ಪುಟ್ಟಿ ಅಂತಲೇ ಕರೆಯುತ್ತೇನೆ. ಅವಳ ಅಮ್ಮ ನನ್ನ ಹತ್ತಿರ ಕರೆದುಕೊಂಡು ಬಂದು ಹೇಳಿದ್ದು ಇಷ್ಟೇ: "ಮೇಡಂ, ಇವಳು ಚಿತ್ರ ಬರೆಯೋದೇ ಬಿಟ್ಟುಬಿಟ್ಟಿದ್ದಾಳೆ. ಮೊದಲು ಹಿಂಗಿರಲಿಲ್ಲ."

ನಾನು ಮಕ್ಕಳಿಗೆ ಚಿತ್ರ ಕಲಿಸುತ್ತೇನೆ. 9, 10 ವರ್ಷದ ಮಕ್ಕಳ ಬಾಯಲ್ಲಿ "ನಂಗೆ ಡ್ರಾಯಿಂಗ್ ಬರಲ್ಲ" ಅನ್ನೋ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆದರೆ 4 ವರ್ಷದ ಮಗು ಹಾಗೆ ಹೇಳಿದ್ದು ಒಂದು ಸಲವೂ ನನ್ನ ಕಿವಿಗೆ ಬಿದ್ದಿಲ್ಲ. ಆ ವಯಸ್ಸಿನ ಮಗುವಿಗೆ ಹಾಳೆ ಕೊಟ್ಟರೆ ಸಾಕು, ಬರೆಯುತ್ತದೆ. ಹಾಳೆ ಕೊಡದಿದ್ದರೆ ಗೋಡೆ ಮೇಲೆ ಬರೆಯುತ್ತದೆ. ಆಮೇಲಿನ ನಾಲ್ಕೈದು ವರ್ಷದಲ್ಲಿ ಏನಾಗುತ್ತದೆ? ಪುಟ್ಟಿಯ ವಿಷಯದಲ್ಲಿ ಅದನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತು. ಸಿಕ್ಕಿದ್ದು ಅವಳ ಅಮ್ಮ ತಂದಿದ್ದ ಒಂದು ಕಟ್ಟಿನಿಂದ.

ಕಟ್ಟು ಬಿಚ್ಚಿದಾಗ

ಪ್ಲಾಸ್ಟಿಕ್ ಕವರಿನೊಳಗೆ ದಾರ ಸುತ್ತಿಟ್ಟ ಹಾಳೆಗಳು. ನೂರಕ್ಕಿಂತ ಜಾಸ್ತಿ ಇದ್ದವು. ಹಳೇ ನೋಟ್‌ಬುಕ್ಕಿನ ಪುಟ, ಬಿಲ್ಲಿನ ಹಿಂಬದಿ, ಬಿಚ್ಚಿದ ಲಕೋಟೆ, ಕೈಗೆ ಸಿಕ್ಕ ಎಲ್ಲಾ ಕಾಗದ. ಪ್ರತಿಯೊಂದರ ಹಿಂದೆ ನೀಲಿ ಪೆನ್ನಲ್ಲಿ ತಾರೀಖು ಬರೆದಿತ್ತು. ಅಮ್ಮನ ಅಕ್ಷರ. ನಾವಿಬ್ಬರೂ ನೆಲದ ಮೇಲೆ ಕೂತು ತಾರೀಖಿನ ಪ್ರಕಾರ ಸಾಲಾಗಿ ಜೋಡಿಸಿದೆವು. ಪುಟ್ಟಿ ಬಾಗಿಲ ಹತ್ತಿರ ನಿಂತಿದ್ದಳು. ಒಳಗೆ ಬರಲಿಲ್ಲ.

ಮೊದಲ ಸಾಲು ಬರೀ ಗೀಚು. ಒಂದೂವರೆ, ಎರಡು ವರ್ಷದ್ದು. ಇದನ್ನು ಸುಮ್ನೆ ಗೀಚಾಟ ಅಂತ ತಳ್ಳಿಹಾಕುವವರು ಬಹಳ ಜನ. ಅಮೆರಿಕದ ರೋಡಾ ಕೆಲ್ಲಾಗ್ ಮಕ್ಕಳ ಚಿತ್ರಗಳನ್ನು ಲಕ್ಷಗಟ್ಟಲೆ ಕೂಡಿಹಾಕಿ ನೋಡಿದರು. ಗೀಚಿನಲ್ಲೇ 20 ಮೂಲ ಬಗೆಗಳನ್ನು ಗುರುತಿಸಿದರು. ಚುಕ್ಕೆ, ಉದ್ದ ಗೆರೆ, ಅಡ್ಡ ಗೆರೆ, ಅಂಕುಡೊಂಕು, ಸುರುಳಿ. ಮುಂದೆ ಮಗು ಬರೆಯುವ ಮನೆ, ಮರ, ಮನುಷ್ಯ ಎಲ್ಲಕ್ಕೂ ಬೇಕಾದ ಸಾಮಾನು ಅಲ್ಲೇ ತಯಾರಾಗುತ್ತಿರುತ್ತದೆ. ಪುಟ್ಟಿಯ ಹಾಳೆಗಳಲ್ಲೂ ಅದು ಕಾಣುತ್ತಿತ್ತು. ಸುತ್ತಿ ಸುತ್ತಿ ಎಲ್ಲೆಲ್ಲೋ ಹೋಗುತ್ತಿದ್ದ ಗೆರೆ, 3 ವರ್ಷ ತುಂಬುವ ಹೊತ್ತಿಗೆ ಒಂದು ಹಾಳೆಯಲ್ಲಿ ಹೊರಟ ಜಾಗಕ್ಕೇ ಬಂದು ಮುಟ್ಟಿತ್ತು. ಮುಚ್ಚಿದ ಸುತ್ತು. ಅದರೊಳಗೆ ಎರಡು ಚುಕ್ಕೆ. ಮುಂದಿನ ಹಾಳೆಯಲ್ಲಿ ಆ ಸುತ್ತಿಗೆ ಎರಡು ಉದ್ದ ಕಾಲು ಬಂದಿದ್ದವು. ಹೊಟ್ಟೆ ಇಲ್ಲ. ಕೈಗಳು ಕೆನ್ನೆಯಿಂದಲೇ ಹೊರಟಿವೆ. ಈ ಗೊದಮೊಟ್ಟೆ ಮನುಷ್ಯ ಎಷ್ಟೋ ದೇಶದ ಮಕ್ಕಳ ಕೈಯಲ್ಲಿ ಹೀಗೇ ಹುಟ್ಟುತ್ತಾನೆ.

6 ವರ್ಷದ ಹಾಳೆಗಳೇ ನನಗೆ ಎಲ್ಲಕ್ಕಿಂತ ಇಷ್ಟವಾದವು. ಒಂದು ಬಸ್ಸು. ಬಸ್ಸಿನ ತಗಡಿನ ಮೂಲಕ ಒಳಗೆ ಕೂತವರ ಕಾಲೆಲ್ಲ ಕಾಣುತ್ತದೆ. ಒಬ್ಬರ ಬ್ಯಾಗಿನ ಒಳಗಿರುವ ಡಬ್ಬಿಯೂ ಕಾಣುತ್ತದೆ. ಫ್ರಾನ್ಸಿನ ಜಾರ್ಜ್ ಆನ್ರಿ ಲ್ಯೂಕೆ ತನ್ನ ಸ್ವಂತ ಮಗಳ ಚಿತ್ರಗಳನ್ನೇ ವರ್ಷಗಟ್ಟಲೆ ಗಮನಿಸಿ 1913ರಲ್ಲಿ ಅದನ್ನು ಪ್ರಕಟಿಸಿದ. ಅವನು ಕಂಡುಕೊಂಡಿದ್ದು ಇದನ್ನೇ: ಈ ವಯಸ್ಸಿನ ಮಗು ಕಣ್ಣಿಗೆ ಕಾಣೋದನ್ನಲ್ಲ, ತನಗೆ ಗೊತ್ತಿರೋದನ್ನು ಬರೆಯುತ್ತದೆ. ಬ್ಯಾಗಿನಲ್ಲಿ ಡಬ್ಬಿ ಇದೆ ಅಂತ ಗೊತ್ತು, ಆದ್ದರಿಂದ ಡಬ್ಬಿ ಇರಲೇಬೇಕು. ಅದು ತಪ್ಪಲ್ಲ. ಅದು ಒಂದು ಬಗೆಯ ಪ್ರಾಮಾಣಿಕತೆ.

ಇದು ಈ ಕಾಲದ ಮಕ್ಕಳ ಕಥೆಯೂ ಅಲ್ಲ. ರಷ್ಯಾದ ನೊವ್ಗೊರೊಡ್‌ನಲ್ಲಿ ಮಣ್ಣು ಅಗೆಯುವಾಗ ಭೂರ್ಜ ಮರದ ತೊಗಟೆಯ ಚೂರುಗಳು ಸಿಕ್ಕವು. 13ನೇ ಶತಮಾನದವು. ಓನ್‌ಫಿಮ್ ಅನ್ನುವ ಹುಡುಗ ಅದರ ಮೇಲೆ ಅಕ್ಷರಮಾಲೆ ತಿದ್ದಿದ್ದಾನೆ. 6 ಅಥವಾ 7 ವರ್ಷ ಇದ್ದಿರಬೇಕು ಅಂತ ತಿಳಿದವರ ಅಂದಾಜು. ಅಕ್ಷರ ತಿದ್ದಿ ಬೇಜಾರಾಗಿ, ಉಳಿದ ಜಾಗದಲ್ಲಿ ಚಿತ್ರ ಬರೆದಿದ್ದಾನೆ. ಕುದುರೆ ಮೇಲೆ ಕೂತು ಶತ್ರುವನ್ನು ಚುಚ್ಚುತ್ತಿರುವ ವೀರ. ಪಕ್ಕದಲ್ಲಿ ತನ್ನದೇ ಹೆಸರು. ಇನ್ನೊಂದರಲ್ಲಿ ಒಂದು ವಿಚಿತ್ರ ಪ್ರಾಣಿ, ಜೊತೆಗೆ "ನಾನು ಕಾಡುಮೃಗ" ಅನ್ನೋ ಮಾತು. ಮನುಷ್ಯರ ಕೈಬೆರಳು ಕಸ ಗುಡಿಸುವ ಕುಂಟೆಯ ಹಲ್ಲಿನ ಹಾಗಿವೆ. ಒಬ್ಬನಿಗೆ ಮೂರು, ಇನ್ನೊಬ್ಬನಿಗೆ ಐದಕ್ಕಿಂತ ಜಾಸ್ತಿ. ಪುಟ್ಟಿಯ ಬಸ್ಸಿನ ಡ್ರೈವರಿಗೂ ಅಂಥದ್ದೇ ಬೆರಳು. ಏಳುನೂರು ವರ್ಷಕ್ಕೂ ಹೆಚ್ಚು ಅಂತರ, ಆದರೂ ಒಂದೇ ಕೈ ಬರೆದ ಹಾಗೆ.

ಕೊನೆಯ ಸಾಲಿಗೆ ಬಂದಾಗ ನನಗೆ ಸ್ವಲ್ಪ ಕಸಿವಿಸಿಯಾಯಿತು. 8 ವರ್ಷದ ಹಾಳೆಗಳಲ್ಲಿ ಬಸ್ಸಿಲ್ಲ, ಬ್ಯಾಗಿಲ್ಲ. ಒಬ್ಬಳೇ ಹುಡುಗಿ. ದೊಡ್ಡ ಕಣ್ಣು, ಉದ್ದ ರೆಪ್ಪೆ, ತ್ರಿಕೋನದ ಫ್ರಾಕು. ಹಾಳೆಯಿಂದ ಹಾಳೆಗೆ ಅದೇ ಹುಡುಗಿ. ಗೆರೆ ಬಹಳ ನೀಟು. ಎಲ್ಲದರಲ್ಲೂ ಎರಡೂ ಕೈ ಬೆನ್ನ ಹಿಂದೆ.

ಕೈ ಬೆನ್ನ ಹಿಂದೆ ಯಾಕೆ? ಬೆರಳು ಬರೆಯೋಕೆ ಬರೋದಿಲ್ಲ ಅಂತ ಅವಳಿಗೆ ಗೊತ್ತಾಗಿಬಿಟ್ಟಿತ್ತು. 6 ವರ್ಷದಲ್ಲಿ ಕುಂಟೆಯ ಹಲ್ಲಿನಂಥ ಬೆರಳು ಅವಳಿಗೆ ಸಾಕಾಗಿತ್ತು. 8ಕ್ಕೆ ಅದು ಬೆರಳಲ್ಲ ಅಂತ ಕಣ್ಣು ಹೇಳುತ್ತಿತ್ತು. ಕೈ ಮಾತ್ರ ಅಲ್ಲೇ ನಿಂತಿತ್ತು.

ಪ್ರೈಜ್ ಬಂದ ಕುದುರೆ

ಕಟ್ಟಿನ ಕೊನೆಯ ಹಾಳೆ ಒಂದು ಕುದುರೆ. ದಪ್ಪ ಡ್ರಾಯಿಂಗ್ ಶೀಟು, ಮೂಲೆಯಲ್ಲಿ "ದ್ವಿತೀಯ" ಅನ್ನೋ ಸೀಲು. ಶಾಲೆಯಲ್ಲಿ ನಡೆದ ಸ್ಪರ್ಧೆಯದ್ದು. ಅಮ್ಮ ಅದನ್ನು ಸಂತೋಷದಿಂದಲೇ ತೋರಿಸಿದರು. ಇದಾದ ಮೇಲೆ ಒಂದು ಹಾಳೆಯೂ ಇಲ್ಲ ಅನ್ನೋದನ್ನು ಅವರು ಅಲ್ಲಿಯವರೆಗೆ ಗಮನಿಸಿರಲಿಲ್ಲ.

ಚಿತ್ರವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಕ್ರೇಯಾನಿನ ಕಂದು ಬಣ್ಣದ ಕೆಳಗೆ ಎರಡು ಥರದ ಗೆರೆ ಇತ್ತು. ಒಂದು ತೆಳು, ಅನುಮಾನದ ಗೆರೆ. ಅದರ ಹಿಂಗಾಲುಗಳು ಮೇಜಿನ ಕಾಲಿನ ಹಾಗೆ ನೆಟ್ಟಗಿದ್ದವು. ರಬ್ಬರಿನಲ್ಲಿ ಉಜ್ಜಿ ಉಜ್ಜಿ ಅಲ್ಲಿ ಕಾಗದದ ನಾರು ಎದ್ದಿತ್ತು. ಅದರ ಮೇಲೆ ಇನ್ನೊಂದು ಗೆರೆ. ಕಡು, ಒತ್ತಿ ಎಳೆದದ್ದು, ಅಭ್ಯಾಸವಿರುವ ದೊಡ್ಡವರ ಕೈ. ಆ ಗೆರೆಯ ಕಾಲು ಸರಿಯಾಗಿ ಬಾಗಿತ್ತು.

ಬಾಗಿಲ ಹತ್ತಿರದಿಂದ ಪುಟ್ಟಿ ಹೇಳಿದಳು, "ಅದು ನಂದಲ್ಲ."

ಆವತ್ತು ಅವಳು ಆಡಿದ ಮೊದಲ ಮಾತು ಅದು. ನಡೆದದ್ದು ಆಮೇಲೆ ಸ್ವಲ್ಪ ಸ್ವಲ್ಪವಾಗಿ ಗೊತ್ತಾಯಿತು. ಸ್ಪರ್ಧೆಯ ದಿನ ಹಿಂಗಾಲು ಬರಲಿಲ್ಲ. ಅಲ್ಲಿದ್ದ ದೊಡ್ಡವರೊಬ್ಬರನ್ನು "ಇದನ್ನ ಹೇಗೆ ಬರೆಯೋದು?" ಅಂತ ಕೇಳಿದಳು. ಅವರು ಅಕ್ಕರೆಯಿಂದಲೇ "ಕೊಡಮ್ಮ ಇಲ್ಲಿ" ಅಂತ ಪೆನ್ಸಿಲ್ ಇಸಿದುಕೊಂಡು ಎಳೆದುಕೊಟ್ಟರು. ಅವಳು ಬಣ್ಣ ತುಂಬಿದಳು. ಪ್ರೈಜ್ ಬಂತು. ಯಾರೂ ಬೈಯಲಿಲ್ಲ, ಯಾರೂ ನಗಲಿಲ್ಲ. ಎಲ್ಲರೂ ಹೊಗಳಿದರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂದೇ ಪಿರಿಯಡ್ಡಿನಲ್ಲಿ ನಲವತ್ತು ಮಕ್ಕಳನ್ನು ನೋಡಬೇಕಾದಾಗ ಪೆನ್ಸಿಲ್ ಕೈಗೆ ತೆಗೆದುಕೊಳ್ಳೋದೇ ಸುಲಭದ ದಾರಿ. ನಾನೂ ಹಾಗೆ ಮಾಡಿದ್ದೇನೆ. ಎಷ್ಟು ಮಕ್ಕಳ ಹಾಳೆ ಮೇಲೆ ಅಂತ ಈಗ ನೆನೆಸಿಕೊಂಡರೆ ನೋವಾಗುತ್ತದೆ.

ನಾನು ಮೊದಲು ಎಡವಿದ್ದು

ಶುರುವಿನಲ್ಲಿ ನನ್ನ ಊಹೆ ಪ್ರೈಜಿನ ಮೇಲೆ ಹೋಯಿತು. ಅದಕ್ಕೆ ಕಾರಣವೂ ಇತ್ತು. 1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅನ್ನುವ ಮೂವರು ಒಂದು ಪ್ರಯೋಗ ಪ್ರಕಟಿಸಿದರು. ಚಿತ್ರ ಬರೆಯೋದನ್ನು ತಾವಾಗಿಯೇ ಇಷ್ಟಪಡುತ್ತಿದ್ದ 3ರಿಂದ 5 ವರ್ಷದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಬರೆದರೆ ಚಿನ್ನದ ಸೀಲಿರುವ ಸರ್ಟಿಫಿಕೇಟ್ ಸಿಗುತ್ತದೆ ಅಂತ ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಸುಮ್ಮನೆ ಬಣ್ಣದ ಪೆನ್ನುಗಳನ್ನು ತರಗತಿಯಲ್ಲಿ ಇಟ್ಟು ನೋಡಿದರು. ಬಹುಮಾನಕ್ಕಾಗಿ ಬರೆದಿದ್ದ ಮಕ್ಕಳು ಆ ಪೆನ್ನುಗಳ ಜೊತೆ ಕಳೆದ ಹೊತ್ತು ಉಳಿದ ಮಕ್ಕಳದ್ದರ ಸುಮಾರು ಅರ್ಧ ಮಾತ್ರ.

ಇದು ಪುಟ್ಟಿಗೆ ಸರಿಯಾಗಿ ಹೊಂದುತ್ತದೆ ಅಂದುಕೊಂಡೆ. ಪ್ರೈಜು, ಸ್ಪರ್ಧೆ, ತಿದ್ದುವ ಕೈ, ಇವೆಲ್ಲ ಇಲ್ಲದ ಜಾಗ ಕೊಟ್ಟರೆ ಮಗು ತಾನಾಗಿ ಅರಳುತ್ತದೆ ಅಂದುಕೊಂಡೆ. ಈ ನಂಬಿಕೆಗೆ ದೊಡ್ಡ ಪರಂಪರೆಯೇ ಇದೆ. ವಿಯೆನ್ನಾದಲ್ಲಿ ಫ್ರಾನ್ಸ್ ಚಿಜೆಕ್ 1897ರಲ್ಲಿ ಮಕ್ಕಳ ಚಿತ್ರ ತರಗತಿ ಶುರುಮಾಡಿದ. ಅಲ್ಲಿಯವರೆಗೆ ಶಾಲೆಗಳಲ್ಲಿ ಡ್ರಾಯಿಂಗ್ ಅಂದರೆ ಹೆಚ್ಚಾಗಿ ದೊಡ್ಡವರು ಕೊಟ್ಟ ನಮೂನೆಯನ್ನು ನೋಡಿ ನಕಲು ಮಾಡೋದು. ಮಗುವಿಗೆ ತನ್ನದೇ ಕಲೆ ಇದೆ, ಅದು ಬೆಳೆಯೋಕೆ ಬಿಡಿ ಅಂದವನು ಅವನು. ಆ ಮಾತಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಹಾಗಾಗಿ ಪುಟ್ಟಿಗೆ ದೊಡ್ಡ ಹಾಳೆ ಕೊಟ್ಟೆ, ಪೋಸ್ಟರ್ ಕಲರ್ ಕೊಟ್ಟೆ. "ನಿಂಗೆ ಏನು ಬೇಕೋ ಬರಿ, ಹೇಗೆ ಬರೆದರೂ ಚೆನ್ನಾಗೇ ಇರುತ್ತೆ" ಅಂದೆ. ನಾಲ್ಕು ಶನಿವಾರ ಹೋಯಿತು. ಎರಡು ಸಲ ಹಾಳೆ ಖಾಲಿ. ಒಂದು ಸಲ ಮೂಲೆಯಲ್ಲಿ ಅದೇ ರೆಪ್ಪೆಯ ಹುಡುಗಿ, ಕೈ ಬೆನ್ನ ಹಿಂದೆ. "ಚೆನ್ನಾಗಿದೆ" ಅಂದೆ. ಅವಳು ನನ್ನ ಮುಖ ನೋಡಿ ಹೇಳಿದಳು, "ಮಿಸ್, ನೀವು ಎಲ್ಲರಿಗೂ ಹಂಗೇ ಹೇಳ್ತೀರ."

ಆವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅವಳು ಸ್ಪರ್ಧೆಯಲ್ಲಿ ಕೇಳಿದ್ದು ಒಂದು ಪ್ರಶ್ನೆ. ಹಿಂಗಾಲು ಹೇಗೆ? ಒಬ್ಬರು ಅದನ್ನು ತಾವೇ ಬರೆದುಕೊಟ್ಟರು. ನಾನು ಅದನ್ನು ತಿಳಿಯುವ ಅಗತ್ಯವೇ ಇಲ್ಲ ಅಂದೆ. ಇಬ್ಬರೂ ಉತ್ತರ ಕೊಡಲಿಲ್ಲ, ಅಲ್ವಾ? 4 ವರ್ಷದ ಮಗುವಿಗೆ "ಹೇಗೆ ಬರೆದರೂ ಚೆನ್ನ" ಅನ್ನೋದು ನಿಜವಾದ ಮಾತು. 9 ವರ್ಷದ ಮಗುವಿಗೆ ಅದು ಸುಳ್ಳು. ಅದು ಸುಳ್ಳು ಅಂತ ಅವಳ ಕಣ್ಣಿಗೆ ಗೊತ್ತು. ಮಕ್ಕಳ ಚಿತ್ರದ ಬೆಳವಣಿಗೆಯ ಬಗ್ಗೆ ಬಹಳ ಕೆಲಸ ಮಾಡಿದ ವಿಕ್ಟರ್ ಲೋವೆನ್‌ಫೆಲ್ಡ್ ಕೂಡ 9 ವರ್ಷದ ಸುಮಾರಿಗೆ ಮಗುವಿಗೆ ಚಿತ್ರ ನಿಜದಂತೆ ಇರಬೇಕು ಅನ್ನೋ ಆಸೆ ಹುಟ್ಟುತ್ತದೆ ಅಂತ ಗುರುತಿಸಿದ್ದರು. ಓದು ಕಲಿಯುವ ಮಗು "ಈ ಅಕ್ಷರ ಯಾವುದು?" ಅಂತ ಕೇಳಿದರೆ "ನಿಂಗೆ ಹೇಗೆ ಬೇಕೋ ಹಾಗೆ ಓದು" ಅಂತ ನಾವು ಹೇಳುತ್ತೇವಾ? ಚಿತ್ರದಲ್ಲಿ ಮಾತ್ರ ಹಾಗೆ ಹೇಳಿ ಕೈ ತೊಳೆದುಕೊಳ್ಳುತ್ತೇವೆ. ಆಮೇಲೆ ಮಗು ಬಿಟ್ಟರೆ "ಅವಳಿಗೆ ಆಸಕ್ತಿ ಇಲ್ಲ" ಅನ್ನುತ್ತೇವೆ.

ಕಪ್, ಕುರ್ಚಿ, ನಾಯಿ

ಐದನೇ ಶನಿವಾರ ಬಣ್ಣ ಎಲ್ಲಾ ಒಳಗಿಟ್ಟೆ. ಒಂದು 4ಬಿ ಪೆನ್ಸಿಲ್, ಮಾಮೂಲಿ ಬಿಳಿ ಹಾಳೆಗಳು. ರಬ್ಬರ್ ಇಲ್ಲ. ತಪ್ಪು ಗೆರೆ ಬಂದರೆ ಅಲ್ಲೇ ಇರಲಿ, ಪಕ್ಕದಲ್ಲಿ ಇನ್ನೊಂದು ಎಳೆ ಅಂದೆ.

ಆವತ್ತು ಅವಳ ತಮ್ಮನೂ ಬಂದಿದ್ದ. 6 ವರ್ಷ. ಇಬ್ಬರ ಮುಂದೆ ಒಂದು ಕಪ್ ಇಟ್ಟೆ. ಹಿಡಿ ಹಿಂದುಗಡೆಗೆ ತಿರುಗಿಸಿದ್ದೆ, ಅವರಿಗೆ ಕಾಣುತ್ತಿರಲಿಲ್ಲ. ಕಾಣುವ ಬದಿಯಲ್ಲಿ ಒಂದು ಹೂವಿನ ಚಿತ್ರ ಇತ್ತು. "ಕಾಣ್ತಿರೋದನ್ನ ಮಾತ್ರ ಬರೀರಿ" ಅಂದೆ. ಇದು ನನ್ನ ಕಲ್ಪನೆಯಲ್ಲ. 1972ರಲ್ಲಿ ಫ್ರೀಮನ್ ಮತ್ತು ಜಾನಿಕೌನ್ ಅನ್ನುವವರು ಮಾಡಿ ನೋಡಿದ ಪರೀಕ್ಷೆ. 8 ವರ್ಷಕ್ಕಿಂತ ಚಿಕ್ಕ ಮಕ್ಕಳು ಹೆಚ್ಚಾಗಿ ಕಾಣದಿರುವ ಹಿಡಿಯನ್ನು ಬರೆದು, ಕಾಣುವ ಹೂವನ್ನು ಬಿಟ್ಟರು. ದೊಡ್ಡ ಮಕ್ಕಳು ಹೂವು ಬರೆದು ಹಿಡಿ ಬಿಟ್ಟರು.

ತಮ್ಮ ಅರ್ಧ ನಿಮಿಷದಲ್ಲಿ ಮುಗಿಸಿದ. ದೊಡ್ಡ ಹಿಡಿ, ಹೂವಿಲ್ಲ. ಪುಟ್ಟಿ ಹತ್ತು ನಿಮಿಷ ತೆಗೆದುಕೊಂಡಳು. ಹಿಡಿ ಇಲ್ಲ, ಹೂವಿದೆ. ತಮ್ಮ ಅವಳ ಹಾಳೆ ನೋಡಿ, "ಅಕ್ಕ, ಹಿಡಿ ಬಿಟ್ಟಿದ್ದೀಯ" ಅಂದ. ಅವಳು ಕಪ್ ತೋರಿಸಿ, "ಎಲ್ಲಿದೆ? ಕಾಣುತ್ತಾ?" ಅಂದಳು. ಆ ಧ್ವನಿಯಲ್ಲಿ ತಿಂಗಳುಗಳ ನಂತರ ಮೊದಲ ಸಲ ಒಂದು ಭರವಸೆ ಇತ್ತು. ತನಗೆ ನೋಡೋಕೆ ಬರುತ್ತದೆ ಅನ್ನೋದು ಅವಳಿಗೆ ತಿಳಿಯಿತು. ಬರೆಯೋಕೆ ಬರಲ್ಲ ಅನ್ನೋದಕ್ಕಿಂತ ಅದು ಮೊದಲು ತಿಳಿಯಬೇಕಾದ ವಿಷಯ.

ಮುಂದಿನ ವಾರ ಕುರ್ಚಿ. ಮರದ್ದು, ಹಳೆಯದು. "ಕುರ್ಚಿ ಬರೀಬೇಡ. ಕಾಲುಗಳ ನಡುವೆ ಇರೋ ಖಾಲಿ ಜಾಗ ಬರಿ" ಅಂದೆ. ಇದು ಹಳೇ ಅಭ್ಯಾಸ, ಬಹಳ ಕಡೆ ಕಲಿಸುತ್ತಾರೆ. ಕುರ್ಚಿ ಅಂದ ತಕ್ಷಣ ತಲೆಯಲ್ಲಿ ಒಂದು ರೆಡಿ ಚಿತ್ರ ಬಂದು ಕೂತುಬಿಡುತ್ತದೆ. ನಾಲ್ಕು ನೆಟ್ಟನೆ ಕಾಲು, ಒಂದು ಹಲಗೆ. ಖಾಲಿ ಜಾಗಕ್ಕೆ ಅಂಥ ರೆಡಿ ಚಿತ್ರ ಇಲ್ಲ. ಆದ್ದರಿಂದ ನೋಡಲೇಬೇಕು. ಪುಟ್ಟಿ ಒಂದು ಕಣ್ಣು ಮುಚ್ಚಿ, ಪೆನ್ಸಿಲನ್ನು ಮುಂದೆ ಚಾಚಿ ಹಿಡಿದು ಅಳೆದಳು. ಒಂದು ಓರೆ ಚೌಕ, ಒಂದು ಸೊಟ್ಟ ತ್ರಿಕೋನ, ಅಡ್ಡಪಟ್ಟಿಯ ಕೆಳಗೆ ಒಂದು ತೆಳ್ಳನೆ ಸಂದು. ಅವನ್ನೆಲ್ಲ ಕಪ್ಪಾಗಿ ತುಂಬಿದಳು. ತುಂಬುತ್ತಾ ತುಂಬುತ್ತಾ ನಡುವೆ ಬಿಳಿಯ ಕುರ್ಚಿ ಎದ್ದು ನಿಂತಿತು. ಅವಳು ಹಾಳೆಯನ್ನು ದೂರ ಹಿಡಿದು ನೋಡಿದಳು. ಮತ್ತೆ ಕುರ್ಚಿ ನೋಡಿದಳು. ಏನೂ ಹೇಳಲಿಲ್ಲ. ನಾನೂ "ಚೆನ್ನಾಗಿದೆ" ಅನ್ನಲಿಲ್ಲ. "ಈ ಕಾಲು ಎಷ್ಟು ಓರೆ ಇದೆಯೋ ಅಷ್ಟೇ ಬಂದಿದೆ" ಅಂದೆ. ಅವಳಿಗೆ ಬೇಕಾಗಿದ್ದದ್ದು ಆ ಮಾತು.

ಕುದುರೆ ತರಲು ನಮ್ಮಿಂದ ಆಗದು. ನಾಯಿ ಇತ್ತು. ಅದು ನಿದ್ದೆ ಮಾಡುವಾಗ, ಕೂತಾಗ, ನಡೆಯುವಾಗ ಹಿಂಗಾಲನ್ನೇ ನೋಡಿದೆವು. ಮೂರು ವಾರ ಬರೀ ಹಿಂಗಾಲು. "ಮಿಸ್, ಇದರ ಮಂಡಿ ಉಲ್ಟಾ ಇದೆ" ಅಂದಳು. ಅಲ್ಲಿಗೆ ಬಂದು ನಿಂತೆವು. ಕುದುರೆ ಬರೆಯುವ ಎಲ್ಲಾ ಮಕ್ಕಳೂ, ಬಹಳಷ್ಟು ದೊಡ್ಡವರೂ ಎಡವುವ ಜಾಗ ಇದೇ.

"ಎದ್ದು ನಿಂತ್ಕೊ. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲು" ಅಂದೆ. ನಿಂತಳು. "ಈಗ ನಿನ್ನ ಹಿಮ್ಮಡಿ ಮುಟ್ಟಿ ನೋಡು. ಆಮೇಲೆ ನಾಯಿದು ನೋಡು." ಅವಳು ಬಗ್ಗಿ ತನ್ನ ಹಿಮ್ಮಡಿ ಮುಟ್ಟಿದಳು. ನಾಯಿಯ ಕಾಲು ನೋಡಿದಳು. ಮತ್ತೆ ತನ್ನದು ಮುಟ್ಟಿದಳು. ಉಲ್ಟಾ ಮಂಡಿ ಅಂತ ನಮಗೆ ಕಾಣೋದು ಮಂಡಿಯೇ ಅಲ್ಲ, ಅದು ಹಿಮ್ಮಡಿ. ನಿಜವಾದ ಮಂಡಿ ಮೇಲೆ, ಹೊಟ್ಟೆಯ ಹತ್ತಿರ ಇದೆ. ನಾಯಿ ಯಾವಾಗಲೂ ಬೆರಳ ಮೇಲೆ ನಡೆಯುತ್ತದೆ. ಕುದುರೆ ಇನ್ನೂ ಮುಂದೆ ಹೋಗಿ ಪ್ರತಿ ಕಾಲಿನಲ್ಲೂ ಒಂದೇ ಬೆರಳ ತುದಿಯ ಮೇಲೆ ನಿಂತಿರುತ್ತದೆ. ಅದರ ಗೊರಸು ಆ ಬೆರಳಿನ ಉಗುರು. ಇದನ್ನು ಹೇಳಿದಾಗ ಪುಟ್ಟಿಯ ಮುಖದಲ್ಲಿ ಬಂದ ಬೆಳಕು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಚಿತ್ರ ಕಲಿಯೋಕೆ ಬಂದವಳು ಪ್ರಾಣಿಯ ಮೈಯನ್ನು ತನ್ನ ಮೈಯಲ್ಲೇ ಕಂಡುಕೊಂಡಳು.

ಅವಳಿಗೆ ಇನ್ನೊಂದು ವಿಷಯವನ್ನೂ ಹೇಳಿದೆ. ಕುದುರೆಯ ಕಾಲು ದೊಡ್ಡ ದೊಡ್ಡ ಕಲಾವಿದರನ್ನೂ ಕಂಗೆಡಿಸಿದೆ. ಓಡುವ ಕುದುರೆಯ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಪೂರ್ತಿ ಚಾಚಿ ಗಾಳಿಯಲ್ಲಿ ತೇಲುವ ಹಾಗೆ ಬಹಳ ಕಾಲ ಬರೆಯುತ್ತಿದ್ದರು. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ 12 ಕ್ಯಾಮೆರಾ ಇಟ್ಟು ಓಡುವ ಕುದುರೆಯ ಫೋಟೊ ತೆಗೆದ. ನಾಲ್ಕೂ ಕಾಲು ನೆಲ ಬಿಡುವುದು ನಿಜ. ಆದರೆ ಆಗ ಅವು ಹೊಟ್ಟೆಯ ಕೆಳಗೆ ಮಡಿಸಿಕೊಂಡಿರುತ್ತವೆ, ಚಾಚಿರುವುದಿಲ್ಲ. "ಹಾಗಾದ್ರೆ ದೊಡ್ಡವರೂ ತಪ್ಪು ಬರೀತಿದ್ರಾ?" ಅಂದಳು. ಹೌದು, ನೋಡೋಕೆ ಆಗುವವರೆಗೆ ಎಲ್ಲರೂ ತಪ್ಪೇ ಬರೆಯುತ್ತಿದ್ದರು.

ಅಪ್ಪನ ಪ್ರಶ್ನೆ

ಮೂರನೇ ತಿಂಗಳಲ್ಲಿ ಅವಳ ಅಪ್ಪ ಬಂದರು. ಮರಗೆಲಸ ಮಾಡುವವರು. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡೇ ಬಂದಿದ್ದರು. ನಿಂತ ಹಾಗೇ ಕೇಳಿದರು, "ತಪ್ಪು ತಿಳ್ಕೋಬೇಡಿ ಮೇಡಂ. ಡ್ರಾಯಿಂಗ್ ಕಲಿತು ಇವಳು ಏನ್ ಮಾಡ್ತಾಳೆ? ಆ ಹೊತ್ತಲ್ಲಿ ಲೆಕ್ಕ ಮಾಡಿದ್ರೆ ಮುಂದಕ್ಕಾದ್ರೂ ಬರುತ್ತೆ." ಶಾಲೆಯಲ್ಲೂ ಪರೀಕ್ಷೆ ಹತ್ತಿರ ಬಂತು ಅಂತ ಡ್ರಾಯಿಂಗ್ ಪಿರಿಯಡ್ಡನ್ನು ಬೇರೆ ಪಾಠಕ್ಕೆ ಕೊಟ್ಟಿದ್ದರು. ಅಂದರೆ ಈ ಪ್ರಶ್ನೆ ಅವರೊಬ್ಬರದ್ದೇ ಅಲ್ಲ.

ದುಡಿದು ತಿನ್ನುವ ಮನುಷ್ಯ ಕೇಳುವ ಈ ಪ್ರಶ್ನೆಗೆ ಗೌರವ ಕೊಡಬೇಕು. ಕಲೆ ಪವಿತ್ರ, ಕಲೆ ಆತ್ಮದ ಧ್ವನಿ ಅಂತ ಹೇಳಿ ಬಾಯಿ ಮುಚ್ಚಿಸಬಾರದು. ನಾನು ಅವರಿಗೆ ಚಂದ್ರನ ಕಥೆ ಹೇಳಿದೆ. 1609ರಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಬರೆದಿಟ್ಟ. ಬೆಳಕು ಕತ್ತಲೆ ಸೇರುವ ಕಡೆ ಒಂದು ಅಂಕುಡೊಂಕು ಗೆರೆ, ಕೆಲವು ಕಲೆ, ಅಷ್ಟೇ. ಕೆಲವು ತಿಂಗಳ ಮೇಲೆ ಇಟಲಿಯಲ್ಲಿ ಗೆಲಿಲಿಯೊ ಅದೇ ಚಂದ್ರನನ್ನು ನೋಡಿದ. ಅವನಿಗೆ ನೆರಳು ಬೆಳಕಿನ ಚಿತ್ರಾಭ್ಯಾಸ ಇತ್ತು. ಅವನಿಗೆ ಕಂಡದ್ದು ಬೆಟ್ಟ, ಗುಳಿ, ಅವುಗಳ ನೆರಳು. ನೆರಳಿನಿಂದ ಬೆಟ್ಟದ ಎತ್ತರವನ್ನೂ ಲೆಕ್ಕ ಹಾಕಿದ. ಗೆಲಿಲಿಯೊನ ಚಿತ್ರಗಳು 1610ರಲ್ಲಿ ಅಚ್ಚಾದ ಮೇಲೆ ಹ್ಯಾರಿಯಟ್ ಬರೆದ ಚಂದ್ರನಲ್ಲೂ ಗುಳಿಗಳು ಕಾಣಿಸಿಕೊಂಡವು. ಚಿತ್ರಾಭ್ಯಾಸವೇ ಈ ವ್ಯತ್ಯಾಸಕ್ಕೆ ಕಾರಣ ಅನ್ನುವ ಇತಿಹಾಸಕಾರರಿದ್ದಾರೆ. ನನಗೂ ಅದು ಸರಿ ಅನ್ನಿಸುತ್ತದೆ.

ಆಮೇಲೆ ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಬಗ್ಗೆ ಹೇಳಿದೆ. ಹುಡುಗನಾಗಿದ್ದಾಗ ಅವನಿಗೆ ಚಿತ್ರದ ಹುಚ್ಚು. ವೈದ್ಯನಾಗಿದ್ದ ಅಪ್ಪನಿಗೆ ಅದು ಆಗದು. ಮಗನನ್ನು ಕ್ಷೌರದಂಗಡಿಗೆ, ಚಮ್ಮಾರನ ಹತ್ತಿರ ಕೆಲಸಕ್ಕೆ ಹಾಕಿದ. ಕೊನೆಗೆ ಶರೀರಶಾಸ್ತ್ರ ಕಲಿಸೋಕೆ ಅಪ್ಪನೇ ಮಗನ ಮುಂದೆ ಮೂಳೆಗಳನ್ನು ಇಟ್ಟ. ಮಗ ಅವನ್ನು ಬರೆದ. ಅಪ್ಪ ಮಗ ರಾಜಿಯಾದದ್ದು ಆ ಮೂಳೆಗಳ ಮೇಲೆ. ಮುಂದೆ ಅದೇ ಕೈ ಮಿದುಳಿನ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆಯಿತು. 1906ರಲ್ಲಿ ನೊಬೆಲ್ ಬಂತು.

ಪುಟ್ಟಿಯ ಅಪ್ಪ ಗಮನವಿಟ್ಟು ಕೇಳಿದರು. ಆಮೇಲೆ ಹೇಳಿದರು, "ಅವರೆಲ್ಲ ದೊಡ್ಡೋರು ಮೇಡಂ."

ಅವರ ಮಾತು ಸರಿ. ಎಲ್ಲ ಮಕ್ಕಳೂ ಗೆಲಿಲಿಯೊ ಆಗುವುದಿಲ್ಲ. ಕಲೆಯ ಬೆಲೆಯನ್ನು ಬರೀ ಉಪಯೋಗದಿಂದ ಅಳೆಯಲು ಹೋದರೆ ನಾವೇ ಸಿಕ್ಕಿಹಾಕಿಕೊಳ್ಳುತ್ತೇವೆ. ನನ್ನ ಮನಸ್ಸಿನಲ್ಲಿ ಇನ್ನೊಂದು ಉದಾಹರಣೆ ಇತ್ತು, ಆವತ್ತು ಹೇಳಲಿಲ್ಲ. ಫ್ರೀಡ್ಲ್ ಡಿಕರ್ ಬ್ರಾಂಡೈಸ್ ಅನ್ನುವ ಕಲಾವಿದೆಯನ್ನು 1942ರಲ್ಲಿ ನಾಜಿಗಳು ತೆರೆಜಿನ್ ಅನ್ನುವ ಬಂಧನದ ಊರಿಗೆ ಸಾಗಿಸಿದರು. ಅಲ್ಲಿ ಅವರು ಮಕ್ಕಳಿಗೆ ಚಿತ್ರ ಕಲಿಸಿದರು. ಹೊತ್ತು ಕಳೆಯಲಿ ಅಂತ ಬಣ್ಣ ಕೊಟ್ಟು ಕೂರಿಸಲಿಲ್ಲ. ಗೆರೆಯ ಲಯ, ವಸ್ತುವನ್ನು ನೋಡುವ ಬಗೆ, ಬಣ್ಣ ಸೇರುವ ಬಗೆ, ಎಲ್ಲವನ್ನೂ ಪಾಠದ ಹಾಗೆ ಕಲಿಸಿದರು. 1944ರ ಅಕ್ಟೋಬರಿನಲ್ಲಿ ಅವರನ್ನು ಆಶ್ವಿಟ್ಜ್‌ಗೆ ಕಳಿಸಿ ಕೊಂದರು. ಅದಕ್ಕೆ ಮೊದಲು ಮಕ್ಕಳ ಚಿತ್ರಗಳನ್ನು ಎರಡು ಸೂಟ್‌ಕೇಸಿನಲ್ಲಿ ತುಂಬಿ ಬಚ್ಚಿಟ್ಟಿದ್ದರು. ಸುಮಾರು 4,500 ಚಿತ್ರ. ಯುದ್ಧ ಮುಗಿದ ಮೇಲೆ ಅವು ಪ್ರಾಗ್‌ಗೆ ತಲುಪಿದವು. ಬರೆದ ಮಕ್ಕಳಲ್ಲಿ ಬಹುಪಾಲು ಬದುಕಲಿಲ್ಲ. ಎಷ್ಟೋ ಹಾಳೆಗಳ ಮೇಲೆ ಮಗುವಿನ ಹೆಸರಿದೆ. ಹೆಸರನ್ನೇ ಅಳಿಸಿಹಾಕಲು ಹೊರಟ ವ್ಯವಸ್ಥೆಯ ನಡುವೆ ಒಂದು ಮಗು ತನ್ನ ಕಣ್ಣಿಗೆ ಕಂಡ ಹೂವನ್ನು ಬರೆದು ಕೆಳಗೆ ಸಹಿ ಹಾಕಿದೆ. ಇದರಿಂದ ಏನು ಉಪಯೋಗ ಅಂತ ನನ್ನಿಂದ ಕೇಳಲಾಗದು.

ಅಪ್ಪನ ಮನಸ್ಸು ಸ್ವಲ್ಪವಾದರೂ ತಿರುಗಿದ್ದು ನನ್ನ ಮಾತಿನಿಂದಲ್ಲ. ಹೊರಡುವಾಗ ಗೋಡೆಯ ಮೇಲೆ ಅಂಟಿಸಿದ್ದ ಕುರ್ಚಿಯ ಹಾಳೆ ಅವರ ಕಣ್ಣಿಗೆ ಬಿತ್ತು. ಹತ್ತಿರ ಹೋಗಿ ನೋಡಿದರು. ಬೆರಳಿಂದ ಹಿಂದಿನ ಕಾಲಿನ ಗೆರೆಯನ್ನು ಮೇಲಿಂದ ಕೆಳಕ್ಕೆ ಸವರಿದರು.

"ಹಿಂದಿನ ಕಾಲು ಓರೆ ಇರುತ್ತೆ ಅಂತ ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳಲಿಲ್ಲಪ್ಪ. ಹಂಗೇ ಕಾಣ್ತು."

"ನೆಟ್ಟಗಿಟ್ರೆ ಒರಗಿದವರು ಹಿಂದಕ್ಕೆ ಬೀಳ್ತಾರೆ. ಕೆಲಸಕ್ಕೆ ಬರೋ ಹುಡುಗರಿಗೆ ಇದನ್ನ ಹೇಳಿ ಹೇಳಿ ಸಾಕಾಗುತ್ತೆ."

ಇಷ್ಟು ಹೇಳಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದರು. ನನಗೆ ಒಂದು ಕ್ಷಣ ಎದೆ ಝಲ್ಲೆಂದಿತು. ಆ ಹಾಳೆಯ ಮೇಲೇ ಎಳೆಯುತ್ತಾರೇನೋ ಅಂದುಕೊಂಡೆ. ಅವರು ಮೇಜಿನ ಮೇಲಿದ್ದ ಬೇರೆ ಹಾಳೆ ಎಳೆದುಕೊಂಡರು. ನಾಲ್ಕೇ ಗೆರೆಯಲ್ಲಿ ಕುರ್ಚಿಯನ್ನು ಪಕ್ಕದಿಂದ ಕಂಡ ಹಾಗೆ ಬರೆದು, ಭಾರ ಎಲ್ಲಿ ಬೀಳುತ್ತದೆ ಅಂತ ಒಂದು ಚುಕ್ಕಿ ಇಟ್ಟು ತೋರಿಸಿದರು. ದಿನಾ ಹಲಗೆಯ ಮೇಲೆ ಬರೆಯುವ ಕೈ. ಅದನ್ನು ಅವರು ಚಿತ್ರ ಅಂತ ಯಾವತ್ತೂ ಕರೆದಿರಲಿಲ್ಲ. ಪುಟ್ಟಿ ಆ ಕೈಯನ್ನೇ ನೋಡುತ್ತಿದ್ದಳು.

ನಾವು ಕೂರುವ ಕುರ್ಚಿ, ತೊಡುವ ಅಂಗಿ, ತೆರೆಯುವ ಬಾಗಿಲು, ಓದುವ ಅಕ್ಷರದ ಆಕಾರ, ಎಲ್ಲವೂ ಮೊದಲು ಯಾರದ್ದೋ ಗೆರೆ. ಗೆರೆ ಎಳೆಯುವವರು ಕೆಲವರೇ ಆಗಿ, ಉಳಿದವರೆಲ್ಲ "ನಂಗೆ ಬರಲ್ಲ" ಅನ್ನುವ ಸಮಾಜದಲ್ಲಿ, ನಮ್ಮ ಸುತ್ತಲಿನ ವಸ್ತುಗಳ ಬಗ್ಗೆ ಮಾತಾಡುವ ಹಕ್ಕನ್ನೂ ನಾವು ಆ ಕೆಲವರಿಗೇ ಕೊಟ್ಟುಬಿಡುತ್ತೇವೆ. ನನಗೆ ಭಯವಾಗುವುದು ಅದಕ್ಕೆ. ಕಲಾವಿದರು ಕಡಿಮೆಯಾಗುತ್ತಾರೆ ಅಂತಲ್ಲ, ನೋಡುವವರು ಕಡಿಮೆಯಾಗುತ್ತಾರೆ ಅಂತ.

ಈಗ

ಎಂಟು ತಿಂಗಳಾಯಿತು. ಎಲ್ಲವೂ ಸರಿಹೋಗಿಲ್ಲ. ಶಾಲೆಯ ಡ್ರಾಯಿಂಗ್ ಪಿರಿಯಡ್ ಇನ್ನೂ ವಾಪಸ್ ಬಂದಿಲ್ಲ. ಈ ವರ್ಷ ಮುಗಿಯುವವರೆಗೆ ಕಳಿಸುತ್ತೇನೆ, ಆಮೇಲೆ ನೋಡೋಣ ಅಂತ ಅವಳ ಅಪ್ಪ ಹೇಳಿದ್ದಾರೆ. ಕೆಲವು ಶನಿವಾರ ಪುಟ್ಟಿ ಹಾಳೆ ಮುದುಡಿ ಎಸೆಯುತ್ತಾಳೆ. ರೆಪ್ಪೆಯ ಹುಡುಗಿಯೂ ಆಗಾಗ ಬರುತ್ತಾಳೆ. ಆದರೆ ಈಗ ಅವಳ ಒಂದು ಕೈ ಮುಂದೆ ಬಂದಿದೆ. ಬೆರಳು ಸ್ವಲ್ಪ ದಪ್ಪ, ಲೆಕ್ಕಕ್ಕೆ ಐದೇ.

ಕಟ್ಟಿಗೆ ಹೊಸ ಹಾಳೆಗಳು ಸೇರಿವೆ. ತೀರಾ ಈಚಿನದರಲ್ಲಿ ಕುದುರೆಯ ಹಿಂಗಾಲುಗಳು ಮಾತ್ರ ಇವೆ. ಪಕ್ಕ ಪಕ್ಕದಲ್ಲಿ ಏಳು ಕಾಲು. ಮೊದಲೆರಡು ಮೇಜಿನ ಕಾಲಿನ ಹಾಗೆ. ನಾಲ್ಕನೆಯದರಲ್ಲಿ ಹಿಮ್ಮಡಿ ಜಾಸ್ತಿ ಕೆಳಗೆ ಇಳಿದಿದೆ. ಏಳನೆಯದಕ್ಕೆ ಅವಳೇ ಸುತ್ತು ಹಾಕಿದ್ದಾಳೆ. ಒಂದು ಗೆರೆಯನ್ನೂ ಅಳಿಸಿಲ್ಲ. ಹಿಂದೆ ತಿರುಗಿಸಿದರೆ ತಾರೀಖು ಇದೆ, ಪೆನ್ಸಿಲಿನಲ್ಲಿ. ಅಮ್ಮನ ಅಕ್ಷರವಲ್ಲ.

ಕಳೆದ ಶನಿವಾರ ಬಂದವಳೇ ಚಪ್ಪಲಿ ಬಿಡುತ್ತಾ ಕೇಳಿದಳು, "ಮಿಸ್, ಕುದುರೆ ಕಿವಿ ತಲೆಯ ಮೇಲಿರುತ್ತಾ, ಪಕ್ಕದಲ್ಲಿರುತ್ತಾ?" ನಾನು ಪೆನ್ಸಿಲ್ ಮುಟ್ಟಲಿಲ್ಲ. ಕುದುರೆಯ ಒಂದು ಫೋಟೊ ಹುಡುಕಿ ಅವಳ ಮುಂದಿಟ್ಟೆ.